ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಅದು ದನದ ಕೊಟ್ಟಿಗೆಗಷ್ಟೇ ಸಲ್ಲುವ ಮಾತೆಂದು ಯಾರಾದರೂ ತಿಳಿದಿದ್ದರೆ, ದೊಡ್ಡ ಆಸ್ಪತ್ರೆಯೊಂದರ ಹೃದ್ರೋಗ ವಿಭಾಗದ ಮುಂದೆ ಅರ್ಧ ದಿನ ಕುಳಿತು ಬರಲಿ. ಹೃದಯಕ್ಕೆ ಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಹೋದ ಗಂಡಸು ಹತ್ತು ಹದಿನೈದು ದಿನದಲ್ಲಿ ಏದುಸಿರು ಬಿಡುತ್ತಾ ಮತ್ತೆ ಬಂದು ಸೇರುತ್ತಾನೆ. ಅವನ ಹಿಂದೆ ಬ್ಯಾಗು, ಫ್ಲಾಸ್ಕು, ಫೈಲು ಹೊತ್ತುಕೊಂಡು ಹೆಂಡತಿ. ರೋಗಿಯ ನಾಡಿ ಹಿಡಿಯುವುದಕ್ಕೂ ಮುಂಚೆ ಪ್ರಶ್ನೆ ಅವಳ ಕಡೆಗೆ ತಿರುಗುತ್ತದೆ. "ಏನಮ್ಮಾ, ಊಟಕ್ಕೆ ಏನು ಕೊಟ್ರಿ? ಉಪ್ಪು ಹಾಕಿದ್ರಾ? ಉಪ್ಪಿನಕಾಯಿ ಕೊಟ್ರಾ? ಮಾತ್ರೆ ಸರಿಯಾಗಿ ಕೊಟ್ರೋ ಇಲ್ವೋ?" ಅಲ್ಲಿಂದ ಶುರುವಾದ ವಿಚಾರಣೆ ಸಂಜೆಯ ಹೊತ್ತಿಗೆ ನೋಡಲು ಬಂದ ನೆಂಟರ ಬಾಯಿಗೂ ದಾಟಿರುತ್ತದೆ. "ಲಕ್ಷಗಟ್ಟಲೆ ಖರ್ಚು ಮಾಡಿ ರಿಪೇರಿ ಮಾಡಿಸಿದ್ದು, ಮನೇಲಿ ಸ್ವಲ್ಪ ಸರಿಯಾಗಿ ನೋಡ್ಕೋಬೇಕಿತ್ತು" ಎಂದು ಒಬ್ಬರಾದ ಮೇಲೆ ಒಬ್ಬರು ತೀರ್ಪು ಕೊಡುತ್ತಾರೆ.

ಈ ವಿಚಾರಣೆಯ ಮೇಲೆ ನನಗೆ ಬಹಳ ಸಿಟ್ಟಿದೆ. ಸಿಟ್ಟಿಗೆ ಕಾರಣವನ್ನು ಸಾವಧಾನವಾಗಿ ಹೇಳುತ್ತೇನೆ. ಸೋತ ಹೃದಯದ ರೋಗಿ ಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಮತ್ತೆ ಆಸ್ಪತ್ರೆ ಸೇರುವುದು ಅನೇಕ ವೇಳೆ ಮುಂದಾಗಿಯೇ ಊಹಿಸಬಹುದಾದ ಸಂಗತಿ. ಊಹಿಸಿ ಎಚ್ಚರ ವಹಿಸಬೇಕಾದವರು ಆಸ್ಪತ್ರೆಯವರು. ಆ ಕೆಲಸವನ್ನು ಅವರು ಬಾಯಿಬಿಟ್ಟು ಹೇಳದೆ, ಕಲಿಸಿಕೊಡದೆ, ಮನೆಯ ಹೆಂಗಸಿನ ತಲೆಗೆ ಕಟ್ಟುತ್ತಾರೆ. ಕೆಟ್ಟಾಗ ಅವಳನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಇದನ್ನು ನಾವು ತಲೆತಗ್ಗಿಸಿ ಒಪ್ಪಿಕೊಳ್ಳುತ್ತಾ ಬಂದಿದ್ದೇವೆ. ಇನ್ನು ಒಪ್ಪಬಾರದು.

ನಾನು ಹೇಳುತ್ತಿರುವ ಚಿಕಿತ್ಸೆಯ ಹೆಸರು ಕ್ಯಾಥೆಟರ್ ಅಬ್ಲೇಷನ್. ಹೆಸರು ಕೇಳಿ ಪುಟ ತಿರುಗಿಸಬೇಡಿ, ವಿಷಯ ಅಷ್ಟೇನೂ ಕಠಿಣವಲ್ಲ. ಹೃದಯಕ್ಕೆ ನಾಲ್ಕು ಕೋಣೆ. ಮೇಲಿನ ಎರಡು ರಕ್ತವನ್ನು ಬರಮಾಡಿಕೊಂಡು ಕೆಳಗಿನ ಎರಡಕ್ಕೆ ದಾಟಿಸುತ್ತವೆ. ಕೆಳಗಿನವು ಅದನ್ನು ಶ್ವಾಸಕೋಶಕ್ಕೂ ಮೈಗೂ ತಳ್ಳುತ್ತವೆ. ಈ ಕೆಲಸ ತಾಳಬದ್ಧವಾಗಿ ನಡೆಯಬೇಕು. ಮೇಲಿನ ಕೋಣೆಗಳು ತಾಳ ತಪ್ಪಿ ನಿಮಿಷಕ್ಕೆ ಮುನ್ನೂರು ನಾನೂರು ಸಲ ಬರಿದೇ ನಡುಗತೊಡಗಿದರೆ ಅದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ನಾಡಿ ಒಮ್ಮೆ ಓಡುತ್ತದೆ, ಒಮ್ಮೆ ಎಡವುತ್ತದೆ. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಇನ್ನು ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ನಿಂತೇಹೋಗುವುದೆಂದು ಎಷ್ಟೋ ಜನ ಹೆದರುತ್ತಾರೆ. ಹಾಗಲ್ಲ. ಪಂಪು ಸೋತಿದೆ, ಪೂರ್ತಿ ಎತ್ತಿ ಹಾಕುತ್ತಿಲ್ಲ ಎಂದಷ್ಟೇ ಅರ್ಥ. ಎತ್ತಿ ಹಾಕದ ನೀರು ಕಾಲಿನಲ್ಲಿ ಬಾವಾಗಿ, ಶ್ವಾಸಕೋಶದಲ್ಲಿ ಉಬ್ಬಸವಾಗಿ ನಿಲ್ಲುತ್ತದೆ. ಈ ಎರಡು ಕಾಯಿಲೆ ಜೊತೆಯಾದರೆ ಒಂದು ಇನ್ನೊಂದನ್ನು ಬೆಳೆಸುತ್ತದೆ. ತಾಳ ತಪ್ಪಿದ್ದರಿಂದ ಪಂಪು ಸೋಲುತ್ತದೆ, ಪಂಪು ಸೋತಿದ್ದರಿಂದ ತಾಳ ಇನ್ನಷ್ಟು ತಪ್ಪುತ್ತದೆ.

ಈ ನಡುಕಕ್ಕೆ ಕಿಡಿ ಹೊತ್ತಿಸುವ ಜಾಗ ಬಹುತೇಕ ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಲ್ಲಿದೆ ಎಂದು ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಮಿಷೆಲ್ ಹೈಸಗೇರ್ ಮತ್ತು ಅವರ ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ಅಲ್ಲಿಂದ ಈಚೆಗೆ ತೊಡೆಸಂದಿನ ರಕ್ತನಾಳದ ಮೂಲಕ ತೆಳ್ಳನೆಯ ನಳಿಕೆಯನ್ನು ಹೃದಯದೊಳಕ್ಕೆ ಏರಿಸಿ, ಆ ನಾಳಗಳ ಬಾಯಿಯ ಸುತ್ತ ಸಣ್ಣ ಸಣ್ಣ ಸುಟ್ಟ ಗುರುತು ಮಾಡಿ, ಕೆಟ್ಟ ಕಿಡಿ ಒಳಗೆ ದಾಟದಂತೆ ಬೇಲಿ ಹಾಕುವ ವಿಧಾನ ಬೆಳೆಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೃದಯಕ್ಕೆ ಬರೆ ಹಾಕುವುದು. ಕೆಲವೆಡೆ ಬಿಸಿಯ ಬದಲು ಅತಿ ತಣ್ಣನೆಯ ಬಲೂನು ಬಳಸುತ್ತಾರೆ. ಇತ್ತೀಚೆಗೆ ವಿದ್ಯುತ್ ಮಿಡಿತದ ಹೊಸ ವಿಧಾನವೂ ಬಂದಿದೆ.

ಈ ಚಿಕಿತ್ಸೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. 2018ರಲ್ಲಿ ಪ್ರಕಟವಾದ ಕ್ಯಾಸಲ್ ಎಎಫ್ ಎಂಬ ಅಧ್ಯಯನದಲ್ಲಿ ಈ ಎರಡೂ ಕಾಯಿಲೆ ಇದ್ದ 363 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಬ್ಲೇಷನ್, ಇನ್ನೊಂದಕ್ಕೆ ಬರೀ ಔಷಧ ಕೊಟ್ಟು, ಮೂರು ವರ್ಷಕ್ಕೂ ಮೇಲ್ಪಟ್ಟು ನೋಡಿದರು. ಔಷಧದ ಗುಂಪಿನಲ್ಲಿ ನೂರಕ್ಕೆ 25 ಮಂದಿ ತೀರಿಕೊಂಡರೆ ಅಬ್ಲೇಷನ್ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ 13ರಷ್ಟು. ಹೃದಯ ಇನ್ನಷ್ಟು ಸೋತು ಆಸ್ಪತ್ರೆ ಸೇರಿದವರು ಅಲ್ಲಿ ನೂರಕ್ಕೆ 36, ಇಲ್ಲಿ 21. ಇದು ಸಣ್ಣ ಲಾಭವಲ್ಲ. ಎಲ್ಲ ಅಧ್ಯಯನಗಳೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ ಎಂಬುದೂ ನಿಜ. 2022ರ ರಾಫ್ಟ್ ಎಎಫ್ ಎಂಬ ಅಧ್ಯಯನದಲ್ಲಿ 411 ರೋಗಿಗಳಿದ್ದರು. ಅಬ್ಲೇಷನ್ ಕಡೆಗೆ ತಕ್ಕಡಿ ವಾಲಿತಾದರೂ ಖಚಿತವೆನ್ನುವಷ್ಟು ವಾಲಲಿಲ್ಲ. ಆದರೂ ಆಯ್ದ ರೋಗಿಗಳಿಗೆ ಇದರಿಂದ ಒಳಿತಿದೆ ಎಂಬುದನ್ನು ನಾನು ಒಪ್ಪುತ್ತೇನೆ.

ಆದರೆ ಆ 21ನ್ನು ಇನ್ನೊಮ್ಮೆ ನೋಡಿ. ಅಷ್ಟು ಒಳ್ಳೆಯ ಫಲಿತಾಂಶ ಬಂದ ಗುಂಪಿನಲ್ಲೂ ಐವರಲ್ಲಿ ಒಬ್ಬರು ಮತ್ತೆ ಆಸ್ಪತ್ರೆ ಸೇರಿದರು. ಅವರೆಲ್ಲ ಯುರೋಪು, ಅಮೆರಿಕ, ಆಸ್ಟ್ರೇಲಿಯಾದ ಆಸ್ಪತ್ರೆಗಳ ರೋಗಿಗಳು. ಅವರ ಮನೆಗಳಲ್ಲೂ ಅಟ್ಟದ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಇತ್ತೇ? ಅವರ ಹೆಂಡಂದಿರೂ ಸಂಡಿಗೆ ಹಪ್ಪಳ ಕರಿದು ಬಡಿಸಿದರೇ? ಇನ್ನೊಂದು ಮಾತೂ ಇದೆ. ಆ ರೋಗಿಗಳೆಲ್ಲರ ಎದೆಯಲ್ಲಿ ಮೊದಲೇ ಒಂದು ಸಾಧನ ಕೂರಿಸಲಾಗಿತ್ತು. ಹೃದಯದ ಬಡಿತ ಕೆಟ್ಟರೆ ಅದು ಸರಿಪಡಿಸುತ್ತಿತ್ತು, ಮನೆಯಲ್ಲಿದ್ದಾಗಲೂ ವೈದ್ಯರಿಗೆ ದೂರದಿಂದಲೇ ವರದಿ ಮುಟ್ಟಿಸುತ್ತಿತ್ತು. ಅಷ್ಟು ಕಾವಲಿದ್ದೂ ಐವರಲ್ಲಿ ಒಬ್ಬರು ಮರಳಿದರೆಂದ ಮೇಲೆ, ಯಾವ ಕಾವಲೂ ಇಲ್ಲದ ನಮ್ಮ ಊರಿನ ಮನೆಗಳಲ್ಲಿ ಎಷ್ಟು ಜನ ಮರಳಬಹುದು, ನೀವೇ ಯೋಚಿಸಿ. ಮರಳಿ ಬರುವುದು ಕಾಯಿಲೆಯ ಸ್ವಭಾವದಲ್ಲೇ ಇದೆ. ಅಡುಗೆಮನೆ ಅದಕ್ಕೆ ಮೂಲವಲ್ಲ.

ನನಗೆ ಇದೆಲ್ಲ ತಿಳಿದದ್ದು ಅಕ್ಕನ ಮನೆಯ ದೆಸೆಯಿಂದ. ಭಾವನವರಿಗೆ ಅರವತ್ತಾರು. ಹೃದಯದ ಪಂಪು ಮಾಡುವ ಶಕ್ತಿ ನೂರಕ್ಕೆ 30ಕ್ಕೆ ಇಳಿದಿತ್ತು, ನಾಡಿ ತಾಳ ತಪ್ಪಿತ್ತು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅಬ್ಲೇಷನ್ ಮಾಡಿದರು. ಮೂರನೆಯ ದಿನ "ಎಲ್ಲಾ ಚೆನ್ನಾಗಿದೆ, ಕರ್ಕೊಂಡು ಹೋಗಿ" ಎಂದು ನಾಲ್ಕು ಹಾಳೆಯ ಇಂಗ್ಲಿಷ್ ಕಾಗದ, ಒಂದು ಚೀಲ ಮಾತ್ರೆ ಕೊಟ್ಟು ಕಳಿಸಿದರು. ಅಕ್ಕ ಹಳೆಯ ಮಾತ್ರೆಗಳ ಡಬ್ಬಿಯನ್ನು ತೋರಿಸಿ, "ದಿನಾ ಬೆಳಿಗ್ಗೆ ಕೊಡೋ ಈ ನೀರು ಹೋಗೋ ಮಾತ್ರೆ ಪಟ್ಟಿಯಲ್ಲಿ ಕಾಣಲಿಲ್ಲವಲ್ಲ?" ಎಂದು ಕೇಳಿದಳು. "ಹೊಸ ಪಟ್ಟೀಲಿ ಏನಿದೆಯೋ ಅಷ್ಟೇ ಕೊಡಿ ಅಮ್ಮ" ಎಂಬ ಉತ್ತರ ಬಂತು. ಅವಳು ಅಷ್ಟೇ ಕೊಟ್ಟಳು.

ಐದನೆಯ ದಿನ ಭಾವನವರ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬಿತ್ತು. ಆರನೆಯ ದಿನ ದಿಂಬಿಗೆ ತಲೆ ಕೊಟ್ಟರೆ ಉಸಿರು ಕಟ್ಟಿತು. ಅಕ್ಕ ಕಾಗದದ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ, "ಡಾಕ್ಟರು ಗುರುವಾರ ಸಿಗ್ತಾರೆ ಮೇಡಂ, ಟೋಕನ್ ಹಾಕ್ಲಾ?" ಎಂದಳು. ಅಂದು ಸೋಮವಾರ. ರಾತ್ರಿ ಒಂದು ಗಂಟೆಗೆ ಬಾಡಿಗೆ ಕಾರು ಮಾಡಿಕೊಂಡು ಐದು ತಾಸು ದಾರಿ ಸವೆಸಿ ಬೆಂಗಳೂರಿಗೆ ತಲುಪಿದಾಗ ತುರ್ತು ಘಟಕದಲ್ಲಿ ಕೇಳಿದ ಮೊದಲ ಪ್ರಶ್ನೆ ನಿಮಗೆ ಈಗಾಗಲೇ ಗೊತ್ತು. ಉಪ್ಪಿನಕಾಯಿ ಕೊಟ್ರಾ?

ಮಾರನೆಯ ದಿನ ನಾನು ಹೋಗಿ ಫೈಲನ್ನು ಕೇಳಿ ಪಡೆದು ಹಾಳೆ ಹಾಳೆ ಓದಿದೆ. ಅಬ್ಲೇಷನ್ನಿನ ದಿನದ ಹಾಳೆಯಲ್ಲಿ ಬರೆದಿತ್ತು: ಒಳಗೆ ಹೋದ ದ್ರವ 1,900 ಮಿಲಿಲೀಟರ್, ಹೊರಗೆ ಬಂದ ಮೂತ್ರ 700. ಇದೇನೆಂದು ಅಲ್ಲಿನ ಹಿರಿಯ ದಾದಿಯೊಬ್ಬರನ್ನು ಕೇಳಿದೆ. ಸುಡುವಾಗ ನಳಿಕೆಯ ತುದಿ ಅತಿಯಾಗಿ ಕಾಯಬಾರದೆಂದು ಅದರೊಳಗಿಂದ ಸಲೈನ್ ಹರಿಸುತ್ತಲೇ ಇರುತ್ತಾರೆ, ಅದು ರಕ್ತಕ್ಕೇ ಸೇರುತ್ತದೆ ಎಂದು ಆಕೆ ಬಿಡಿಸಿ ಹೇಳಿದರು. ಗಟ್ಟಿ ಹೃದಯದವರು ಅದನ್ನು ಮೂತ್ರವಾಗಿ ಹೊರಹಾಕುತ್ತಾರೆ. ಸೋತ ಹೃದಯದವರಿಗೆ ಅದನ್ನು ಇಳಿಸಲು ನೀರು ಹೋಗುವ ಮಾತ್ರೆ ಬೇಕು. ಭಾವನವರ ಪಟ್ಟಿಯಲ್ಲಿ ಆ ಮಾತ್ರೆಯೇ ಬಿಟ್ಟುಹೋಗಿತ್ತು. ಮತ್ತೆ ದಾಖಲಾದ ಮೇಲೆ ಕೊಟ್ಟ ಚಿಕಿತ್ಸೆಯೂ ಅದೇ: ಅದೇ ಔಷಧವನ್ನು ಸೂಜಿಯ ಮೂಲಕ ಕೊಟ್ಟು ನಾಲ್ಕು ದಿನ ನೀರು ಇಳಿಸಿದರು.

ಈಗ ಲೆಕ್ಕ ಹಾಕೋಣ. ಸಲೈನ್ ಎಂದರೆ ಒಂದು ಲೀಟರಿಗೆ ಒಂಬತ್ತು ಗ್ರಾಂ ಉಪ್ಪು. 1,900 ಮಿಲಿಲೀಟರಿಗೆ ಹದಿನೇಳು ಗ್ರಾಂ. ದೊಡ್ಡವರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಮೂರು ದಿನಕ್ಕೂ ಮಿಕ್ಕ ಉಪ್ಪನ್ನು ಆಸ್ಪತ್ರೆಯವರೇ ಒಂದು ಮಧ್ಯಾಹ್ನದಲ್ಲಿ ರಕ್ತಕ್ಕೆ ಸುರಿದಿದ್ದರು. ಸುರಿದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ವಿಧಾನಕ್ಕೆ ಅದು ಬೇಕೇ ಬೇಕು. ಸುರಿದದ್ದನ್ನು ಲೆಕ್ಕವಿಟ್ಟು ಇಳಿಸದೆ, ಇಳಿಸುವ ಮಾತ್ರೆಯನ್ನೂ ಪಟ್ಟಿಯಿಂದ ಬಿಟ್ಟು, ಆರನೆಯ ದಿನ ಹೆಂಡತಿಯ ಉಪ್ಪಿನಕಾಯಿ ಭರಣಿಯ ಕಡೆಗೆ ಬೆರಳು ತೋರಿಸುವುದು ತಪ್ಪು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ಕೊಟ್ಟವರು ಒಬ್ಬರು, ನೀರು ಕುಡಿದವಳು ಇನ್ನೊಬ್ಬಳು.

ಉಪ್ಪಿನ ವಿಷಯಕ್ಕೆ ಬಂದದ್ದರಿಂದ ಇನ್ನೊಂದು ಮಾತು. 2022ರಲ್ಲಿ ಸೋಡಿಯಂ ಎಚ್‌ಎಫ್ ಎಂಬ ಅಧ್ಯಯನ ಪ್ರಕಟವಾಯಿತು. ಆರು ದೇಶಗಳ 806 ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ ಅರ್ಧ ಜನಕ್ಕೆ ಕಟ್ಟುನಿಟ್ಟಾಗಿ ಉಪ್ಪು ಇಳಿಸಿ, ಉಳಿದವರಿಗೆ ಎಂದಿನ ಸಲಹೆಯನ್ನಷ್ಟೇ ಕೊಟ್ಟು ಒಂದು ವರ್ಷ ನೋಡಿದರು. ಸಾವು, ಆಸ್ಪತ್ರೆ ಸೇರುವುದು, ತುರ್ತು ಘಟಕಕ್ಕೆ ಓಡುವುದು ಎಲ್ಲ ಸೇರಿಸಿದರೆ ಒಂದು ಗುಂಪಿನಲ್ಲಿ ನೂರಕ್ಕೆ 15, ಇನ್ನೊಂದರಲ್ಲಿ 17. ವ್ಯತ್ಯಾಸವಿದೆ ಎನ್ನಲು ಇದು ಸಾಲದು. ಆ ರೋಗಿಗಳು ಮೊದಲೇ ವಿಪರೀತ ಉಪ್ಪು ತಿನ್ನುತ್ತಿದ್ದವರಲ್ಲ. ಆದ್ದರಿಂದ ಇದನ್ನು ಓದಿ ಯಾರೂ ಹಪ್ಪಳದ ಡಬ್ಬಿ ತೆರೆಯಬೇಡಿ; ಮಿತ ಉಪ್ಪು ಈಗಲೂ ಒಳ್ಳೆಯದೇ. ನಾನು ಹೇಳುವುದಿಷ್ಟೇ: ಚಿಟಿಕೆ ಉಪ್ಪು ಹೆಚ್ಚಾದದ್ದಕ್ಕೇ ಗಂಡ ಆಸ್ಪತ್ರೆ ಸೇರಿದ ಎಂದು ಹೆಂಡತಿಗೆ ಶಿಕ್ಷೆ ವಿಧಿಸುವಷ್ಟು ಪುರಾವೆ ವೈದ್ಯಶಾಸ್ತ್ರದ ಕೈಯಲ್ಲಿಲ್ಲ.

ಹಾಗಾದರೆ ಮರಳಿ ಬರುವುದೇಕೆ? ಕಾರಣಗಳು ಗುಟ್ಟಿನವಲ್ಲ, ವೈದ್ಯರಿಗೆಲ್ಲ ಗೊತ್ತಿರುವವೇ. ಮೊದಲನೆಯದು ಈಗ ಹೇಳಿದ ನೀರು. ಎರಡನೆಯದು, ಸುಟ್ಟ ಗಾಯ ಮಾಗುವ ತನಕ ತಾಳ ಮತ್ತೆ ತಪ್ಪುವುದು. ಮೊದಲ ಎರಡು ಮೂರು ತಿಂಗಳಲ್ಲಿ ಹೀಗಾಗುವುದು ಸಾಮಾನ್ಯ, ಅಷ್ಟಕ್ಕೇ ಚಿಕಿತ್ಸೆ ಸೋತಿತೆಂದು ತಿಳಿಯಬಾರದು ಎಂದು ವೈದ್ಯರೇ ತಮ್ಮ ಸಭೆಗಳಲ್ಲಿ ಹೇಳುತ್ತಾರೆ. ಈ ಮಾತನ್ನು ಮನೆಯವರಿಗೂ ಹೇಳಬೇಡವೇ? ಹೇಳದಿದ್ದರೆ ನಾಡಿ ತಪ್ಪಿದ ರಾತ್ರಿ ಅವಳು "ನನ್ನಿಂದ ಏನು ತಪ್ಪಾಯಿತೋ" ಎಂದು ದೇವರ ಮನೆಯ ಮುಂದೆ ಕೂರುತ್ತಾಳೆ. ಮೂರನೆಯದು, ತೊಡೆಸಂದಿನಲ್ಲಿ ರಕ್ತ ಸೋರುವುದು, ಗಂಟಾಗುವುದು. ನಾಲ್ಕನೆಯದು, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದು. ಇದು ನೂರರಲ್ಲಿ ಒಬ್ಬರಿಗೆ ಆದೀತು, ಆದರೆ ಆದಾಗ ಗಂಟೆಯೂ ಕಾಯುವಂತಿಲ್ಲ. ಐದನೆಯದು, ರಕ್ತ ತೆಳು ಮಾಡುವ ಮಾತ್ರೆ ನಿಂತುಹೋಗಿ ಲಕ್ವ ಹೊಡೆಯುವುದು. "ಆಪರೇಷನ್ ಆಯ್ತಲ್ಲ, ಇನ್ನೇಕೆ ಮಾತ್ರೆ?" ಎಂದು ನಿಲ್ಲಿಸುವವರಿದ್ದಾರೆ, ದುಡ್ಡಿಲ್ಲದೆ ನಿಲ್ಲಿಸುವವರೂ ಇದ್ದಾರೆ.

ಇನ್ನೊಂದು ಅಪಾಯ ಬಹಳ ಅಪರೂಪದ್ದು. ಹೃದಯದ ಹಿಂಗೋಡೆಗೆ ಅಂಟಿಕೊಂಡಂತೆಯೇ ಅನ್ನನಾಳ ಇಳಿಯುತ್ತದೆ. ಬಿಸಿ ಅಲ್ಲಿಗೂ ತಗುಲಿ, ಎರಡರ ನಡುವೆ ತೂತು ಬೀಳುವುದುಂಟು. ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ಹೊತ್ತಿಗೆ, ಒಮ್ಮೊಮ್ಮೆ ಎರಡು ತಿಂಗಳಿಗೆ. ಜ್ವರ, ನುಂಗುವಾಗ ನೋವು, ಎದೆನೋವು, ಕೈಕಾಲು ಬಲ ತಪ್ಪುವುದು. ಇದು ಜೀವಕ್ಕೇ ಎರವಾಗುವಂಥದು. ಅನ್ನನಾಳಕ್ಕೆ ಎಂಡೋಸ್ಕೋಪಿ ನಳಿಕೆ ಇಳಿಸಿದರೆ ಅನಾಹುತ ಹೆಚ್ಚುತ್ತದೆ, ಸಿಟಿ ಸ್ಕ್ಯಾನ್ ಮಾಡಬೇಕು. ನಮ್ಮಂಥ ಊರಿನಲ್ಲಿ ಮೂರು ವಾರದ ಮೇಲೆ ಜ್ವರ ಬಂದರೆ ಯಾರು ಅದಕ್ಕೂ ಹೃದಯಕ್ಕೂ ಸಂಬಂಧ ಕಲ್ಪಿಸುತ್ತಾರೆ? ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್, ನಾಲ್ಕು ಜ್ವರದ ಮಾತ್ರೆ. "ಇವರಿಗೆ ಮೂರು ವಾರದ ಕೆಳಗೆ ಹೃದಯದ ಅಬ್ಲೇಷನ್ ಆಗಿದೆ" ಎಂಬ ಒಂದು ವಾಕ್ಯವನ್ನು ಅವಳು ಹೇಳಬಲ್ಲಳಾದರೆ ಜೀವ ಉಳಿಯಬಹುದು. ಆ ವಾಕ್ಯವನ್ನು ಅವಳಿಗೆ ಯಾರು ಕಲಿಸಿದರು?

ಕಲಿಸಬೇಕಾದ ಕಾಗದವೆಂದರೆ ಡಿಸ್ಚಾರ್ಜ್ ಸಮ್ಮರಿ. ಅದು ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷ್ ಬಲ್ಲವರಿಗೂ ತಿಳಿಯದ ಮೂರಕ್ಷರದ ಮೊಟಕು ಪದಗಳಿರುತ್ತವೆ. ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆ ಬರೆದ ಕಾಗದ ಅದು, ಇರಲಿ, ಅದೂ ಬೇಕು. ಆದರೆ ಆರೈಕೆ ಮಾಡುವವಳಿಗೆ ಬರೆದ ಕಾಗದ ಎಲ್ಲಿದೆ? ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಏನೇನು ಹಾಕಿದ್ದೇವೆಂದು ಅಚ್ಚುಹಾಕುತ್ತಾರೆ. ಲಕ್ಷಾಂತರ ರೂಪಾಯಿಯ ಚಿಕಿತ್ಸೆಯ ನಂತರ ಏನೇನಾಗಬಹುದೆಂದು ಕನ್ನಡದಲ್ಲಿ ಒಂದು ಹಾಳೆ ಅಚ್ಚುಹಾಕಲು ಆಗುವುದಿಲ್ಲವೆಂದರೆ ನಂಬುವುದು ಹೇಗೆ?

"ನಮ್ಮ ಜನಕ್ಕೆ ಹೇಳಿದರೂ ಅರ್ಥವಾಗೋಲ್ಲ" ಎಂಬ ಉತ್ತರವನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಇಪ್ಪತ್ತೆಂಟು ವರ್ಷದಿಂದ ಸರಕಾರಿ ಶಾಲೆಯಲ್ಲಿ ಪಾಠ ಹೇಳುತ್ತಿರುವವಳಾಗಿ ಇದಕ್ಕೆ ಮಾತ್ರ ಅಧಿಕಾರದಿಂದ ಉತ್ತರ ಕೊಡಬಲ್ಲೆ. ತರಗತಿಯ ನಲವತ್ತು ಮಕ್ಕಳಿಗೆ ಪಾಠ ತಿಳಿಯದಿದ್ದರೆ ನಲವತ್ತೂ ಮಕ್ಕಳು ದಡ್ಡರೆಂದು ಬರೆದುಕೊಡುವ ಸ್ವಾತಂತ್ರ್ಯ ನನಗಿಲ್ಲ. ಪಾಠ ಆಗಿಲ್ಲವೆಂದೇ ಇನ್‌ಸ್ಪೆಕ್ಟರು ಬರೆಯುತ್ತಾರೆ, ಬರೆಯಬೇಕಾದ್ದೂ ಹಾಗೆಯೇ. ಹಾಲಿನ ಡೈರಿಯ ಕೊಬ್ಬಿನ ಅಂಶ, ಸ್ವಸಹಾಯ ಸಂಘದ ಸಾಲದ ಬಡ್ಡಿ, ಮೂರು ಮಕ್ಕಳ ಲಸಿಕೆಯ ತಾರೀಕು, ಇವೆಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡಿರುವ ಹೆಂಗಸಿಗೆ "ದಿನಾ ಬೆಳಿಗ್ಗೆ ತೂಕ ನೋಡಿ, ಮೂರು ದಿನದಲ್ಲಿ ಎರಡು ಕಿಲೋಗಿಂತ ಏರಿದರೆ ಫೋನು ಮಾಡಿ" ಎಂಬ ಮಾತು ಅರ್ಥವಾಗುವುದಿಲ್ಲವೇ? ಹೇಳಿ ನೋಡಿದ್ದೀರಾ?

"ವೈದ್ಯರಿಗೆ ಸಮಯವೆಲ್ಲಿದೆ?" ಎಂಬುದು ಎರಡನೆಯ ಉತ್ತರ. ಇದರಲ್ಲಿ ಸತ್ಯಾಂಶವಿದೆ. ಸರಕಾರಿ ಆಸ್ಪತ್ರೆಯ ಹೃದ್ರೋಗ ವಿಭಾಗದ ಸರದಿಯನ್ನು ಕಂಡವರಾರೂ ಅಲ್ಲಿನ ವೈದ್ಯರನ್ನು ಸೋಮಾರಿಗಳೆನ್ನಲಾರರು. ಆದರೆ ಈ ಕೆಲಸಕ್ಕೆ ವೈದ್ಯರೇ ಬೇಕಿಲ್ಲ. ಅರ್ಜೆಂಟೀನಾ ದೇಶದಲ್ಲಿ 1,518 ಹಾರ್ಟ್ ಫೇಲ್ಯೂರ್ ರೋಗಿಗಳ ಮೇಲೆ ನಡೆದ ಡಯಲ್ ಎಂಬ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅಲ್ಲಿ ಮಾಡಿದ್ದು ಇಷ್ಟೇ: ತರಬೇತಾದ ದಾದಿಯರು ಆಗಾಗ ಮನೆಗೆ ಫೋನು ಮಾಡಿ ತೂಕ, ಉಸಿರು, ಮಾತ್ರೆ, ಊಟ ವಿಚಾರಿಸಿದರು. ಹೃದಯ ಸೋತು ಆಸ್ಪತ್ರೆ ಸೇರುವವರ ಪ್ರಮಾಣ ನೂರಕ್ಕೆ 22ರಿಂದ 17ಕ್ಕೆ ಇಳಿಯಿತು. ಎದೆಯಲ್ಲಿ ಸಾಧನವಿಲ್ಲ, ಹೊಸ ಯಂತ್ರವಿಲ್ಲ; ಒಂದು ಫೋನು, ಕೇಳುವ ಮನಸ್ಸುಳ್ಳ ಒಬ್ಬಳು ದಾದಿ. 2022ರ ಸ್ಟ್ರಾಂಗ್ ಎಚ್‌ಎಫ್ ಅಧ್ಯಯನದಲ್ಲಿ ಹೃದಯ ಸೋತು ದಾಖಲಾಗಿದ್ದವರನ್ನು ಮನೆಗೆ ಕಳಿಸಿದ ಮೇಲೆ ಎರಡು ತಿಂಗಳಲ್ಲಿ ನಾಲ್ಕು ಸಲ ಕರೆಸಿ, ಪರೀಕ್ಷಿಸಿ, ಔಷಧ ಹೊಂದಿಸಿದರು. ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲಾತಿ ನೂರಕ್ಕೆ 23ರಿಂದ 15ಕ್ಕೆ ಇಳಿಯಿತು. ಇವೆರಡೂ ಅಬ್ಲೇಷನ್ ಆದವರಿಗಾಗಿಯೇ ನಡೆದ ಅಧ್ಯಯನಗಳಲ್ಲ, ನಿಜ. ಆದರೆ ಹೃದಯ ಅದೇ, ನೀರು ಅದೇ, ಮನೆಯೂ ಅದೇ.

ಹಣದ ಲೆಕ್ಕವನ್ನೂ ಕೇಳಿ. ಆಯುಷ್ಮಾನ್ ಭಾರತ್ ಯೋಜನೆ 2018ರಲ್ಲಿ ಬಂದಾಗಿನಿಂದ ಅದರ ನಿಯಮದಲ್ಲಿ, ಬಿಡುಗಡೆಯಾದ ಮೇಲಿನ 15 ದಿನಗಳ ಔಷಧ, ತಪಾಸಣೆಯ ವೆಚ್ಚವೂ ಸೇರಿದೆ. ಒಳ್ಳೆಯದೇ. ಆದರೆ ಈ ಗಾಯ ಮಾಗಲು ಎರಡು ಮೂರು ತಿಂಗಳು ಬೇಕು. ರಕ್ತ ತೆಳು ಮಾಡುವ ಮಾತ್ರೆಯನ್ನು ಕನಿಷ್ಠ ಅಷ್ಟು ಕಾಲ ತಪ್ಪದೆ ನುಂಗಬೇಕು, ಸೋತ ಹೃದಯದವರು ಅನೇಕರು ಬಾಳಿನುದ್ದಕ್ಕೂ ನುಂಗಬೇಕು. ಹದಿನಾರನೆಯ ದಿನದಿಂದ ಆ ಮಾತ್ರೆಗೆ ದುಡ್ಡೆಲ್ಲಿಂದ? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಸಾಸಿವೆ ಡಬ್ಬಿಯಿಂದ ಬರುತ್ತದೆ, ಆಮೇಲೆ ಕೊರಳಿನಿಂದ ಬರುತ್ತದೆ.

ಇನ್ನು ಸಮಯ. ಕೇಂದ್ರ ಸರಕಾರದವರೇ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗುವ ಹೆಂಗಸರು ಅದಕ್ಕೆಂದು ದಿನಕ್ಕೆ 134 ನಿಮಿಷ ಕೊಡುತ್ತಾರೆ, ಗಂಡಸರು 76. ಅಡುಗೆ, ಮುಸುರೆ, ಬಟ್ಟೆಯ ಲೆಕ್ಕ ಬೇರೆ. ಆಸ್ಪತ್ರೆಯ ಹಾಸಿಗೆ ಬೇಗ ಖಾಲಿಯಾದಷ್ಟೂ ಆ ಕೆಲಸ ಮಾಯವಾಗುವುದಿಲ್ಲ, ಮನೆಗೆ ಬರುತ್ತದೆ. ಮನೆಯಲ್ಲಿ ಅದನ್ನು ಮಾಡುವವಳಿಗೆ ಸಂಬಳವಿಲ್ಲ, ತರಬೇತಿಯಿಲ್ಲ, ರಾತ್ರಿ ಪಾಳಿ ಬದಲಾಯಿಸಲು ಇನ್ನೊಬ್ಬಳಿಲ್ಲ. ಆದರೆ ಹೊಣೆ ಮಾತ್ರ ಪೂರ್ತಿ ಅವಳದು. ಸಂಬಳ ಪಡೆಯುವವರ ತಪ್ಪನ್ನು ಸಂಬಳವಿಲ್ಲದವಳ ಖಾತೆಗೆ ಬರೆಯುವ ಈ ಪದ್ಧತಿಗೆ ಏನೆಂದು ಹೆಸರಿಡೋಣ?

ಇಷ್ಟು ಹೊತ್ತು ರೋಗಿ ಗಂಡ, ಆರೈಕೆ ಹೆಂಡತಿ ಎಂದೇ ಮಾತಾಡಿದೆ. ತಿರುವು ಮುರುವಾದರೆ? ಹೆಂಗಸಿಗೆ ಏದುಸಿರು ಬಂದರೆ ವಯಸ್ಸು, ಮೈತೂಕ, ಮುಟ್ಟು ನಿಲ್ಲುವ ಕಾಲ, ಗ್ಯಾಸು ಎನ್ನುತ್ತಾರೆ. ಎದೆ ಡವಗುಟ್ಟಿದರೆ ಮನಸ್ಸಿನ ಆತಂಕ ಎನ್ನುತ್ತಾರೆ. ಅಬ್ಲೇಷನ್ನಿಗೆ ಹೆಂಗಸರನ್ನು ಕಳಿಸುವುದೇ ಕಡಿಮೆ, ಕಳಿಸಿದರೂ ತಡ ಎಂಬುದು ಮುಂದುವರಿದ ದೇಶಗಳ ದಾಖಲೆಗಳಲ್ಲೇ ಕಾಣುತ್ತದೆ. ಮೇಲೆ ಹೇಳಿದ ಕ್ಯಾಸಲ್ ಅಧ್ಯಯನದಲ್ಲಿ ನೂರಕ್ಕೆ 85ರ ಆಸುಪಾಸು ಗಂಡಸರೇ. ನಮ್ಮ ನಾಡಿನಲ್ಲಿ ಇನ್ನೊಂದು ಬಗೆಯ ಹೆಂಗಸರಿದ್ದಾರೆ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಜ್ವರ ಬಂದು ಹೃದಯದ ಕವಾಟ ಕೆಟ್ಟು, ನಲವತ್ತು ಐವತ್ತಕ್ಕೇ ನಾಡಿಯ ತಾಳ ತಪ್ಪಿದವರು. ಇಂಥ ರೋಗಿಗಳಿಗೆ ಯಾವ ರಕ್ತ ತೆಳು ಮಾಡುವ ಮಾತ್ರೆ ಮೇಲೆಂದು ನೋಡಿದ, 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ನಾಲ್ಕೂವರೆ ಸಾವಿರ ಜನರಿದ್ದರು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಆ ರೋಗಿಗಳಲ್ಲಿ ನೂರಕ್ಕೆ 72 ಮಂದಿ ಹೆಂಗಸರು. ಹೊಸ ದುಬಾರಿ ಮಾತ್ರೆಗಿಂತ ಹಳೆಯ ವಾರ್ಫರಿನ್ ಬಗೆಯ ಮಾತ್ರೆಯೇ ಅವರಿಗೆ ಮೇಲೆಂದು ಕಂಡುಬಂತು. ಆದರೆ ವಾರ್ಫರಿನ್ ನುಂಗುವವಳು ಆಗಾಗ ರಕ್ತ ಪರೀಕ್ಷೆಗೆ ಹೋಗಬೇಕು. ಅವಳನ್ನು ಕರೆದುಕೊಂಡು ಹೋಗುವವರು ಯಾರು? ಭಾವನವರ ಪಾದದ ಮೇಲೆ ಬೆರಳೊತ್ತಿ ನೋಡಲು ಅಕ್ಕನಿದ್ದಳು. ಅಕ್ಕನ ಪಾದವನ್ನು ಯಾರು ಒತ್ತಿ ನೋಡುತ್ತಾರೆ? ರೋಗಿ ಹೆಂಗಸಾದಾಗ ಊಟಕ್ಕೆ ಏನು ಕೊಟ್ಟಿರೆಂದು ಗಂಡನನ್ನು ಯಾರೂ ಗದರುವುದಿಲ್ಲ. ಆಗಲೂ ಬೈಸಿಕೊಳ್ಳುವವಳು ಅವಳೇ: "ನಿಮ್ಮ ಆರೋಗ್ಯ ನೀವೇ ನೋಡ್ಕೋಬೇಕಮ್ಮ."

ಬರೀ ಬೈದು ಮುಗಿಸಿದರೆ ಪ್ರಯೋಜನವಿಲ್ಲ. ಕೇಳಬೇಕಾದ್ದನ್ನು ಕೇಳೋಣ. ಸೋತ ಹೃದಯದವರಿಗೆ ಅಬ್ಲೇಷನ್ ಮಾಡುವ ಪ್ರತಿಯೊಂದು ಆಸ್ಪತ್ರೆಯೂ ಮನೆಗೆ ಕಳಿಸುವ ಮುನ್ನ ಕನ್ನಡದಲ್ಲಿ ಒಂದು ಹಾಳೆ ಕೊಡಬೇಕು. ಹಳೆಯ ಮಾತ್ರೆಗಳಲ್ಲಿ ಯಾವುದು ಉಂಟು, ಯಾವುದು ಬೇಡ, ಏಕೆ ಬೇಡ ಎಂದು ಅದರಲ್ಲಿ ಬರೆದಿರಬೇಕು. ಒಳಗೆ ಹೋದ ದ್ರವವೆಷ್ಟು, ಹೊರಗೆ ಬಂದದ್ದೆಷ್ಟು, ಮನೆಗೆ ಹೊರಟ ದಿನದ ತೂಕವೆಷ್ಟು ಎಂಬುದು ಇರಬೇಕು. ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್ ಇರಬೇಕು. ಒಂದೆರಡು ವಾರದೊಳಗೆ ಮತ್ತೆ ನೋಡುವ ದಿನ ಗೊತ್ತುಮಾಡಿರಬೇಕು. ದೂರದವರಿಗೆ ಜಿಲ್ಲಾಸ್ಪತ್ರೆಯಲ್ಲೇ ನೋಡುವ ಏರ್ಪಾಟಾಗಬೇಕು. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಿಂದ ಮೈಸೂರು, ಕಲಬುರಗಿಗೆ ಬಂದದ್ದರಿಂದ ಎಷ್ಟು ಕುಟುಂಬಗಳ ಪ್ರಯಾಣ ತಪ್ಪಿತೆಂಬುದನ್ನು ನಾವು ಕಂಡಿದ್ದೇವೆ. ಚಿಕಿತ್ಸೆ ಹತ್ತಿರ ಬರಬಹುದಾದರೆ ಚಿಕಿತ್ಸೆಯ ನಂತರದ ಕಾಳಜಿ ಏಕೆ ಬರಬಾರದು?

ನೀವೂ ಒಂದು ಕೆಲಸ ಮಾಡಿ. ಡಿಸ್ಚಾರ್ಜ್ ಎಂದು ಹೇಳಿದೊಡನೆ ಬ್ಯಾಗು ಕಟ್ಟಬೇಡಿ. ಹಳೆಯ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಒಂದೊಂದನ್ನೂ ಎತ್ತಿ ತೋರಿಸಿ ಕೇಳಿ. ಉತ್ತರವನ್ನು ಬರೆಸಿಕೊಳ್ಳಿ, ಬರೆದವರ ಹೆಸರನ್ನೂ ಬರೆಸಿಕೊಳ್ಳಿ. "ಯಾವುದಕ್ಕೆ ಫೋನು ಮಾಡಬೇಕು, ಯಾವುದಕ್ಕೆ ಕಾಯದೆ ಹೊರಟು ಬರಬೇಕು?" ಎಂದು ಕೇಳಿ. ಮುಂದಿನ ಎರಡು ತಿಂಗಳು ಯಾವ ವೈದ್ಯರ ಬಳಿಗೆ ಯಾವ ಕಾಯಿಲೆಗೆ ಹೋದರೂ ಅಬ್ಲೇಷನ್ ಆದ ತಾರೀಕನ್ನು ಮೊದಲು ಹೇಳಿ. ಎಂಟುನೂರು ಸಾವಿರ ರೂಪಾಯಿಗೆ ಸಿಗುವ ತೂಕದ ಯಂತ್ರವನ್ನು ದಾರಿಯಲ್ಲೇ ಕೊಂಡುಕೊಳ್ಳಿ. ಸಿಡುಕಿದರೆ ಸಿಡುಕಲಿ. ಕೇಳುವವಳು ಜಗಳಗಂಟಿ ಎನಿಸಿಕೊಂಡರೆ ನಷ್ಟವೇನೂ ಇಲ್ಲ, ಕೇಳದೆ ಬಂದವಳು ಅಪರಾಧಿ ಎನಿಸಿಕೊಳ್ಳುತ್ತಾಳೆ.

ಆದರೆ ನಮ್ಮ ಎಚ್ಚರವನ್ನೇ ನೆಪ ಮಾಡಿಕೊಂಡು ಆಸ್ಪತ್ರೆಯವರು ಜಾರಿಕೊಳ್ಳಲು ಬಿಡಬಾರದು. ಇಷ್ಟೆಲ್ಲ ಕೇಳುವ ಶಕ್ತಿಯಾಗಲಿ, ಫೈಲು ಓದುವ ಅಕ್ಷರವಾಗಲಿ ಇಲ್ಲದ ಹೆಂಗಸರು ಲಕ್ಷಾಂತರ ಇದ್ದಾರೆ. ಅವರ ಗಂಡಂದಿರಿಗೂ ಅದೇ ಹೃದಯ, ಅದೇ ಸಲೈನ್. ಯಾರೂ ಕೇಳದಿದ್ದರೂ ಹೇಳುವುದು ಹೇಳಬೇಕಾದವರ ಧರ್ಮ. ಅಬ್ಲೇಷನ್ ಗೆದ್ದಿತೆಂದು ಆಸ್ಪತ್ರೆಗಳು ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತವೆ. ಎಷ್ಟು ಜನಕ್ಕೆ ಮಾಡಿದೆವು ಎಂಬ ಸಂಖ್ಯೆ ಅದರಲ್ಲಿರುತ್ತದೆ. ಅವರಲ್ಲಿ ಎಷ್ಟು ಜನ ಮೂರು ತಿಂಗಳೊಳಗೆ ಮರಳಿ ಬಂದರು, ಏಕೆ ಬಂದರು ಎಂಬ ಸಂಖ್ಯೆಯನ್ನೂ ಪಕ್ಕದಲ್ಲೇ ಅಚ್ಚುಹಾಕಲಿ. ಆ ಎರಡನೆಯ ಸಂಖ್ಯೆಯನ್ನು ಎಣಿಸಲು ಶುರುಮಾಡಿದ ದಿನ ಉಪ್ಪಿನಕಾಯಿಯ ಪ್ರಶ್ನೆ ತಾನಾಗಿ ನಿಲ್ಲುತ್ತದೆ.